ಪಾಸ್‌ವರ್ಡ್ ದೊಡ್ಡಪ್ಪನ ಹತ್ರ ಯಾಕಿದೆ?

ಈ ವಾರ ಸಾಗರದ ಒಬ್ಬರ ಅತ್ತೆ-ಸೊಸೆ ಜಗಳಕ್ಕೆ ಉತ್ತರ ಬರೆಯಬೇಕಿತ್ತು. ಅದು ಹದಿನೈದು ವರ್ಷದಿಂದ ನಡೀತಿದೆ, ಇನ್ನೊಂದು ವಾರ ಕಾಯುತ್ತೆ. ಹೊಸನಗರ ಕಡೆಯಿಂದ ಪತ್ರ ಬರೆದಿರುವ ಈ ತಾಯಿಗೆ ಮಾತ್ರ ಮಗಳ ಸೀಟಿನ ತೀರ್ಮಾನಕ್ಕೆ ಶುಕ್ರವಾರದವರೆಗೆ ಅಷ್ಟೇ ಸಮಯ ಇರೋದು.

ಅವರ ಮಗಳು ಪಿಯುಸಿ ಮುಗಿಸಿದ್ದಾಳೆ. ಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕ್ 40 ಸಾವಿರದ ಆಸುಪಾಸು. ಮೊದಲ ಸುತ್ತಿನಲ್ಲಿ ಶಿವಮೊಗ್ಗದಲ್ಲೇ ಎಲೆಕ್ಟ್ರಾನಿಕ್ಸ್ ಸೀಟು ಬಂದಿದೆ. ಪಕ್ಕದ ಮನೆ ಹುಡುಗನಿಗೆ ಹೋದ ವರ್ಷ ಇದೇ ರ‍್ಯಾಂಕಿಗೆ ಬೆಂಗಳೂರಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿತ್ತಂತೆ, ಇವಳಿಗೆ ಸಿಗಲಿಲ್ಲ. ಬೆಂಗಳೂರಿನಲ್ಲಿರುವ ಭಾವ (ಹುಡುಗಿಯ ದೊಡ್ಡಪ್ಪ) ವೆಬ್‌ಸೈಟಿನಲ್ಲಿ ಮೂರನೇ ಚಾಯ್ಸ್ ಒತ್ತಿ, ಶಿವಮೊಗ್ಗದ ಸೀಟು ಬಿಟ್ಟುಬಿಡಿ, ಮುಂದಿನ ಸುತ್ತಿನಲ್ಲಿ ಬೆಂಗಳೂರು ಸಿಕ್ಕೇ ಸಿಗುತ್ತೆ ಅಂತಾರೆ. ಸಿಗದಿದ್ದರೆ ಮ್ಯಾನೇಜ್‌ಮೆಂಟ್ ಸೀಟಿಗೆ ಮಾತಾಡ್ತಾರಂತೆ, ಅದಕ್ಕೆ ತೋಟದ ಮೇಲೆ ಸಾಲ. ಯಜಮಾನರು ಒಂದು ವರ್ಷ ಮತ್ತೆ ಓದಲಿ ಅಂತಾರೆ. "ಮಗಳು ಏನೂ ಹೇಳಲ್ಲ, ಸುಮ್ನೆ ಕೂತಿರ್ತಾಳೆ. ನಾನೇನು ಮಾಡಲಿ?" ಇದು ಪ್ರಶ್ನೆ.

ಅಕ್ಕಾ, ನಿಮ್ಮ ಪತ್ರ ಎರಡು ಪುಟ ಇದೆ. ಎರಡನೇ ಪುಟದ ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ಹೀಗೊಂದು ಸಾಲು ಬರೆದಿದ್ದೀರಿ: "ನಮ್ಮಲ್ಲಿ ನೆಟ್‌ವರ್ಕ್ ಸಿಗಲ್ಲ ಅಂತ ಆಪ್ಷನ್ ಎಂಟ್ರಿ ಎಲ್ಲಾ ಭಾವನೇ ಮಾಡಿದ್ದು, ಪಾಸ್‌ವರ್ಡ್, ಓಟಿಪಿ ಎಲ್ಲಾ ಅವರ ಫೋನಿಗೇ ಬರೋದು, ಒಂದ್ಸಲ ಮಗಳು ಲಿಸ್ಟ್ ಕೇಳಿದ್ದಕ್ಕೆ ನಿಂಗೆ ಗೊತ್ತಾಗಲ್ಲ ಬಿಡು ಅಂದ್ರಂತೆ."

ಈ ಸಾಲು ಓದಿ ನನ್ನ ಕಾಫಿ ತಣ್ಣಗಾಯಿತು.

ಹದಿನೆಂಟು ವರ್ಷದ ಹುಡುಗಿ ಎರಡು ವರ್ಷ ಓದಿ, ಪರೀಕ್ಷೆ ಬರೆದು, ತನ್ನ ಹೆಸರಿನ ಆಪ್ಷನ್ ಪಟ್ಟಿಯಲ್ಲಿ ಯಾವ ಕಾಲೇಜು ಯಾವ ಕ್ರಮದಲ್ಲಿ ಇದೆ ಅಂತ ಒಮ್ಮೆಯೂ ನೋಡಿಲ್ಲ! ಅವಳು ಏನೂ ಹೇಳಲ್ಲ ಅಂತ ಬರೆದಿದ್ದೀರಲ್ಲ, ಏನಂತ ಹೇಳಬೇಕು ಪಾಪ? ನಿಮ್ಮ ಗೊಂದಲ ನನಗೆ ಅರ್ಥವಾಗುತ್ತೆ, ಆದರೂ ನನ್ನ ಮನಸ್ಸು ಅವಳ ಕಡೆಗೇ ಹೋಗ್ತಿದೆ, ಕ್ಷಮಿಸಿ.

ಭಾವನ ವಿಷಯ ಹೇಳಿಬಿಡ್ತೀನಿ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದ, ಗುಡ್ಡ ಹತ್ತಿದರೆ ಎರಡು ಕಡ್ಡಿ ಸಿಗ್ನಲ್ ಬರೋ ಊರಿಗೆ ಅವರು ಸಹಾಯ ಮಾಡಿದ್ದು ನಿಜ. ಆದರೆ ಟೈಪ್ ಮಾಡಿಕೊಡೋದು ಬೇರೆ, ತೀರ್ಮಾನ ಮಾಡೋದು ಬೇರೆ. ಮನೆಗೊಬ್ಬ ಬೆಂಗಳೂರು ದೊಡ್ಡಪ್ಪ ಇರ್ತಾರೆ ನೋಡಿ, ಇಪ್ಪತ್ತು ವರ್ಷದ ಹಿಂದೆ ಕೆಲಸ ಸಿಕ್ಕಿತು ಅನ್ನೋ ಒಂದೇ ಕಾರಣಕ್ಕೆ ಇಡೀ ವಂಶದ ಮಕ್ಕಳಿಗೆ ಬ್ರಾಂಚ್ ಆರಿಸೋ ಅಧಿಕಾರ ತಮ್ಮದು ಅಂದುಕೊಂಡವರು. ಇವರ ಮೇಲೆ ನನಗೆ ಹಳೇ ಸಿಟ್ಟಿದೆ, ಈ ಅಂಕಣ ಓದುವವರಿಗೆ ಗೊತ್ತು. ನಿಮ್ಮ ಭಾವ ಕೆಟ್ಟವರು ಅಂತಲ್ಲ. ಆದರೆ 2024ರ ಕೊನೆಯಲ್ಲಿ ಸೀಟ್ ಬ್ಲಾಕಿಂಗ್ (ಸೇರುವ ಉದ್ದೇಶ ಇಲ್ಲದೆ ಸೀಟು ಹಿಡಿದಿಡೋದು) ಪ್ರಕರಣ ಹೊರಗೆ ಬಂದು ಪೊಲೀಸರು ಕೆಲವರನ್ನು ಹಿಡಿದಾಗ, ಕೇಳಿಬಂದ ಆರೋಪ ಇದೇ ತಾನೇ, ಅಭ್ಯರ್ಥಿಗಳ ಲಾಗಿನ್‌ನಲ್ಲಿ ಬೇರೆಯವರು ಆಪ್ಷನ್ ತುಂಬಿದರು ಅಂತ. ಪಾಸ್‌ವರ್ಡ್ ಬೇರೆಯವರ ಹತ್ರ ಇರಬಾರದು, ಸ್ವಂತ ದೊಡ್ಡಪ್ಪನಾದರೂ ಅಷ್ಟೇ.

"ಸಿಕ್ಕೇ ಸಿಗುತ್ತೆ" ಅನ್ನೋ ಮಾತಿಗೆ ಬರೋಣ. ಹೋದ ವರ್ಷ ಆರಿದ್ರಾ ಮಳೆ ಚೆನ್ನಾಗಿ ಹೊಯ್ದಿತ್ತು ಅಂತ ಈ ವರ್ಷ ಆಕಾಶ ನೋಡದೆ ಸಸಿ ಮಡಿ ಹಾಕ್ತೀರಾ? ಕಟ್ ಆಫ್, ಅಂದರೆ ಒಂದು ಸೀಟು ಯಾವ ರ‍್ಯಾಂಕಿಗೆ ಮುಗಿಯುತ್ತೆ ಅನ್ನೋದು ಕೂಡ ಹಾಗೇ, ವರ್ಷ ವರ್ಷ ಬದಲಾಗುತ್ತೆ. ನಮ್ಮಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಅರ್ಧ, ಸಿಇಟಿ ಅಂಕ ಅರ್ಧ. 2024ರ ಸಿಇಟಿಯಲ್ಲಿ ಸಿಲಬಸ್ಸಿನಲ್ಲಿ ಇಲ್ಲದ 50 ಪ್ರಶ್ನೆ ಕೈಬಿಟ್ಟು ಅಂಕ ಕೊಡಬೇಕಾಯಿತು. ಅದೇ ವರ್ಷದಿಂದ ಪಿಯುಸಿಗೆ ಮೂರು ಪರೀಕ್ಷೆ ಬಂತು. ತಾಂತ್ರಿಕ ಶಿಕ್ಷಣ ನೋಡಿಕೊಳ್ಳೋ ಕೇಂದ್ರದ ಎಐಸಿಟಿಇ ಒಳ್ಳೆ ಕಾಲೇಜುಗಳಿಗೆ ಸೀಟಿನ ಮಿತಿ ತೆಗೆದ ಮೇಲೆ ಕೆಲವು ಕಡೆ ಕಂಪ್ಯೂಟರ್ ಸೈನ್ಸ್ ಸೀಟು ಜಾಸ್ತಿಯಾಗಿದೆ. ಇದರ ಮೇಲೆ ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಪರೀಕ್ಷೆ), ಜೆಇಇ, ನೀಟ್ ಅಂತ ಮೂರು ಕಡೆ ಕಾಲಿಟ್ಟುಕೊಂಡ ಮಕ್ಕಳು ಯಾವ ಸುತ್ತಿನಲ್ಲಿ ಎಷ್ಟು ಸೀಟು ಬಿಡ್ತಾರೋ ಯಾರಿಗೆ ಗೊತ್ತು? ಹಾಗಿರುವಾಗ ಪಕ್ಕದ ಮನೆ ಹುಡುಗನ ರ‍್ಯಾಂಕ್ ಹಿಡಿದುಕೊಂಡು ಕೂರೋದರಲ್ಲಿ ಅರ್ಥ ಇಲ್ಲ. ಮಗಳು ಕಡಿಮೆ ಓದಿದಳು ಅಂತಲೂ ಅಲ್ಲ, ಇದನ್ನು ಅವಳಿಗೆ ಬಾಯಿಬಿಟ್ಟು ಹೇಳಿ.

ಮೂರನೇ ಚಾಯ್ಸ್ ಒತ್ತಿದರೆ ಕೈಯಲ್ಲಿರುವ ಶಿವಮೊಗ್ಗ ಹೋಯಿತು, ಮುಂದಿನದು ಬಂದರೆ ಬಂತು. ಎರಡನೇದು ಒತ್ತಿದರೆ ಶುಲ್ಕ ಕಟ್ಟಿ ಈ ಸೀಟು ಇಟ್ಟುಕೊಂಡೇ ಅದಕ್ಕಿಂತ ಮೇಲಿರುವ ಆಪ್ಷನ್‌ಗಳಿಗೆ ಕಾಯಬಹುದು. ಆದರೆ ಇಲ್ಲೊಂದು ಕೊಕ್ಕೆ ಇದೆ. ಮೇಲಿರುವ ಯಾವುದಾದರೂ ಸಿಕ್ಕಿತೋ, ಶಿವಮೊಗ್ಗ ತಾನಾಗೇ ರದ್ದಾಗುತ್ತೆ, ಆಮೇಲೆ ಇದೇ ವಾಸಿಯಿತ್ತು ಅಂದರೆ ಆಗಲ್ಲ. ಭಾವ ಶಿವಮೊಗ್ಗವನ್ನು "ಇರಲಿ ಅಂತ" ಕೊನೆಗೆ ಹಾಕಿದ್ದರಂತೆ. ಹಾಗಾದರೆ ಅದರ ಮೇಲೆ ಏನೇನಿದೆ? ಹೆಸರೇ ಕೇಳದ ಯಾವುದೋ ಕಾಲೇಜು, ದಿನಾ ಎರಡು ಗಂಟೆ ಬಸ್ಸು, ಬೆಂಗಳೂರು ಅನ್ನೋ ಹೆಸರು ಒಂದೇ ಬಂಡವಾಳ, ಅಂಥದ್ದೂ ಇರಬಹುದು. ನೋಡದೆ ಎರಡು ಅನ್ನಲಿ, ಮೂರು ಅನ್ನಲಿ, ಎರಡೂ ಜೂಜೇ. ಮುಂದಿನ ಸುತ್ತಿಗೆ ಮೊದಲು ಆಪ್ಷನ್ ಅಳಿಸೋಕೆ, ಕ್ರಮ ಬದಲಿಸೋಕೆ ಸಾಮಾನ್ಯವಾಗಿ ಬಿಡ್ತಾರೆ. ಅದನ್ನು ಹುಡುಗಿಯೇ ಕೂತು ಮಾಡಲಿ. ಶಿವಮೊಗ್ಗವೇ ಸಾಕು ಅಂದರೆ ಮೊದಲನೇ ಚಾಯ್ಸ್ ಒತ್ತಿ ಸೇರಿಕೊಳ್ಳಲಿ. ಅಷ್ಟಕ್ಕೂ ಮನೆ ಊಟ ತಿಂದು, ಇಲ್ಲವೇ ವಾರಕ್ಕೊಮ್ಮೆ ಊರಿಗೆ ಬಂದು ಇಂಜಿನಿಯರ್ ಆದವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ಮ್ಯಾನೇಜ್‌ಮೆಂಟ್ ಸೀಟು ಬೇಡ. ಎಲೆಚುಕ್ಕಿ ರೋಗ ಬಂದು ಅಡಿಕೆ ತೋಟ ಹೇಗಾಗಿದೆ ಅಂತ ನಿಮಗೆ ನಾನು ಹೇಳಬೇಕಾ? ಆ ತೋಟದ ಮೇಲೆ ಸಾಲ ತಂದರೆ ಕಟ್ಟೋರು ನೀವೇ ಹೊರತು ಭಾವ ಅಲ್ಲ. ಮತ್ತೊಂದು ವರ್ಷ ಓದೋದು ಅವಳೇ ಬಾಯಿಬಿಟ್ಟು ಕೇಳಿದರೆ ಮಾತ್ರ.

ಹಾಗಾಗಿ ಮಾಡಬೇಕಾದ್ದು ಒಂದೇ ಕೆಲಸ. ಇವತ್ತು ಭಾವನಿಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳಿ. ನಾಳೆ ಬೆಳಗಿನ ಬಸ್ಸಿಗೆ ತಾಯಿ-ಮಗಳು ಪೇಟೆಗೆ ಹೋಗಿ, ಸೈಬರ್ ಸೆಂಟರಲ್ಲಿ ಆಪ್ಷನ್ ಪಟ್ಟಿ ಪ್ರಿಂಟ್ ತೆಗೆಸಿ, ಅಲ್ಲೇ ಪೆನ್ನು ಅವಳ ಕೈಗೆ ಕೊಡಿ. ಆ ಅರ್ಧ ಗಂಟೆ ನೀವು ಹೊರಗೆ ಬಂದು ಟೀ ಕುಡೀರಿ. ಓಟಿಪಿ ಬೇಕಾದಾಗ ಭಾವ ಫೋನ್ ಎತ್ತಬೇಕು, ಅಷ್ಟು ಸಹಾಯ ಸಾಕು ಅವರದ್ದು.

ಅವರಿಗೆ ಬೇಜಾರಾಗಬಹುದು. ಚೌತಿಗೆ ಊರಿಗೆ ಬಂದಾಗ ಕೊಟ್ಟೆ ಕಡುಬು ಮಾಡಿ ಬಡಿಸಿ, ಸರಿಹೋಗುತ್ತೆ. ಫೋನ್ ಮಾತ್ರ ಇವತ್ತೇ ಮಾಡಿ.