ಕಲಬುರಗಿ, ಯಾದಗಿರಿ ಕಡೆಯ ಮನೆತನದ ವಂಶಾವಳಿಗೆ ಯಾವ ಸಾಫ್ಟ್‌ವೇರ್ ಒಳ್ಳೆಯದು?

ಗ್ರಾಂಪ್ಸ್ ಹಾಕಿಕೊಳ್ಳಿ. ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ, ಮಾಹಿತಿ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಚಂದದ ಚಾರ್ಟು ಎಲ್ಲ ಸಾಫ್ಟ್‌ವೇರಿನಲ್ಲೂ ಬರುತ್ತದೆ, ಅದನ್ನು ನೋಡಿ ಆರಿಸಬೇಡಿ.

ನಮ್ಮ ಭಾಗದಲ್ಲಿ ಕಾಡುವುದು ಊರು ಮತ್ತು ತಾರೀಖು. ಯಾದಗಿರಿ 2009ರ ಕೊನೆಯವರೆಗೆ ಗುಲಬರ್ಗಾ ಜಿಲ್ಲೆಯಲ್ಲಿತ್ತು. ಗುಲಬರ್ಗಾ 2014ರಲ್ಲಿ ಕಲಬುರಗಿ ಆಯಿತು. 1956ಕ್ಕೆ ಮುಂಚೆ ಎಲ್ಲವೂ ಹೈದರಾಬಾದ್ ರಾಜ್ಯ. ಗ್ರಾಂಪ್ಸ್‌ನಲ್ಲಿ ಊರನ್ನು ಒಮ್ಮೆ ಮಾತ್ರ ಸೇರಿಸಿ, ಹಳೆಯ ಹೆಸರು, ಜಿಲ್ಲೆ, ರಾಜ್ಯ ಪ್ರತಿಯೊಂದಕ್ಕೂ ಅವಧಿ ಕೊಡಬಹುದು. ಪ್ರತಿ ಹೆಸರಿಗೂ ಹೊಸ ಊರು ಮಾಡಿದರೆ ಒಂದೇ ಹಳ್ಳಿ ಮೂರಾಗಿ ಕೂರುತ್ತದೆ.

ನಿಜಾಮರ ಕಾಲದ ಉರ್ದು ಪಹಣಿಯಲ್ಲಿ ಫಸಲಿ ವರ್ಷವಿರುತ್ತದೆ, ಅಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ. ಇಸವಿ ಬೇಕಾದರೆ ಅದಕ್ಕೆ 590 ಕೂಡಿಸಿ, ಜನವರಿ ಅಥವಾ ಅದರ ಮುಂದಿನ ತಿಂಗಳಾದರೆ 591: ಫಸಲಿ 1357 ಅಂದರೆ 1947–48. ಲೆಕ್ಕ ಹಾಕಿದ ಇಸವಿಯನ್ನು ತಾರೀಖಿನ ಜಾಗದಲ್ಲಿ, ಮೂಲ ಫಸಲಿಯನ್ನು ಟಿಪ್ಪಣಿಯಲ್ಲಿ ಬರೆಯಿರಿ. ಹಿಜರಿ (ಇಸ್ಲಾಮಿ ವರ್ಷ) ಅಂತ ತಿಳಿದು ಲೆಕ್ಕ ಹಾಕಿದರೆ ಸುಮಾರು ಹತ್ತು ವರ್ಷ ಹಿಂದಕ್ಕೆ ಹೋಗುತ್ತೀರಿ.

ಸೋದರಮಾವನಿಗೋ ಅತ್ತೆಮಗನಿಗೋ ಕೊಟ್ಟ ಹೆಣ್ಣುಮಗಳನ್ನು ಹೊಸಬಳಾಗಿ ಸೇರಿಸಬೇಡಿ. ಇದ್ದವರ ಪಟ್ಟಿಯಿಂದಲೇ ಆರಿಸಿ. ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ. ಒಬ್ಬರೇ ಪಾಟೀಲ, ಮಾಲಿಪಾಟೀಲ ಎಂದು ಎರಡು ಕಾಗದದಲ್ಲಿದ್ದರೆ ಎರಡನೆಯದು ಪರ್ಯಾಯ ಹೆಸರು.

ಕನ್ನಡವನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಬ್ಯಾಕಪ್‌ಗೆ ಜೆಡ್‌ಕಾಮ್ (ವಂಶಾವಳಿಯನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಒಯ್ಯುವ ಫೈಲು) ಸಾಲದು, ಅದರಲ್ಲಿ ಫೋಟೊ ಬರುವುದಿಲ್ಲ. ಫೋಟೊ ಸಮೇತ ಗ್ರಾಂಪ್ಸ್ ಪ್ಯಾಕೇಜ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ.