ಆಪರೇಷನ್ ನೋವಿಗಿಂತ ವಾಕರಿಕೆನೇ ಜಾಸ್ತಿ ಆಗಿದೆ

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮಂಗೆ 58 ವರ್ಷ, ಹೋದ ವಾರ ಸೊಂಟದ ಎಲ್4-ಎಲ್5 ಡಿಸ್ಕ್ ಆಪರೇಷನ್ ಆಗಿ ಮನೆಗೆ ಬಂದಿದಾರೆ. ನೋವಿನ ಮಾತ್ರೆ ನುಂಗಿದ್ರೆ ಹೊಟ್ಟೆ ತೊಳಸುತ್ತೆ, ವಾಂತಿನೂ ಆಯ್ತು. ಅದಕ್ಕೆ ಹೆದರಿ ಮಾತ್ರೆನೇ ಬಿಟ್ಬಿಡ್ತಾರೆ, ರಾತ್ರಿ ನೋವು ತಡೆಯಕ್ಕಾಗದೆ ಅಳ್ತಾರೆ. ಚೀಟಿಲಿ ಟ್ರಮಡಾಲ್-ಪ್ಯಾರಾಸಿಟಮಾಲ್ ಸೇರಿರೋ ಮಾತ್ರೆ, ಡೋಲೋ 650, ಗ್ಯಾಸ್ ಮಾತ್ರೆ ಇದೆ. ಏನ್ ಮಾಡ್ಲಿ?
– ಓದುಗರೊಬ್ಬರು, ಹಾಸನ

ಉತ್ತರ: ಅಮ್ಮ ಸುಮ್ನೆ ಹೇಳ್ತಿಲ್ಲ, ಟ್ರಮಡಾಲ್ ತುಂಬಾ ಜನಕ್ಕೆ ಹೀಗೇ ಮಾಡುತ್ತೆ. ಅದು ಮೆದುಳಲ್ಲಿ ವಾಂತಿ ಹುಟ್ಟಿಸೋ ಜಾಗವನ್ನೇ ಕೆಣಕೋದ್ರಿಂದ ಬರೀ ಗ್ಯಾಸ್ ಮಾತ್ರೆಗೆ ನಿಲ್ಲಲ್ಲ. ಇವತ್ತೇ ಸರ್ಜನ್‌ಗೆ ಫೋನ್ ಮಾಡಿ ಹಿಂಗಿಂಗಾಗ್ತಿದೆ ಅಂತ ಹೇಳಿ, ಡೋಸ್ ಇಳಿಸ್ತಾರೆ ಇಲ್ಲಾ ಬೇರೆ ಮಾತ್ರೆ ಕೊಡ್ತಾರೆ, ಜೊತೆಗೆ ವಾಂತಿ ನಿಲ್ಲಿಸೋ ಒಂಡನ್ಸೆಟ್ರಾನ್ ಬರ್ಕೊಡಬಹುದು. ಅಮ್ಮ ಡಿಪ್ರೆಶನ್‌ಗೆ ಮಾತ್ರೆ ತಗೋತಿದ್ರೆ ಅದನ್ನೂ ಮರೀದೆ ಹೇಳಿ, ಕೆಲವು ಟ್ರಮಡಾಲ್ ಜೊತೆ ಆಗ್ಬರಲ್ಲ.

ವಾಕರಿಕೆ ತರ್ತಿರೋದು ಬಹುಶಃ ಟ್ರಮಡಾಲ್, ಆದ್ರೆ ಅಮ್ಮ ಅದರ ಜೊತೆ ಪ್ಯಾರಾಸಿಟಮಾಲನ್ನೂ ನಿಲ್ಲಿಸಿಬಿಡ್ತಿದಾರೆ, ರಾತ್ರಿ ನರಳಾಟಕ್ಕೆ ಅದೂ ಕಾರಣ. ನೋವು ಏರಿದ್ಮೇಲೆ ನುಂಗಿದ್ರೆ ಇಳಿಯೋದು ಲೇಟು, ಅದಕ್ಕೇ ಡೋಲೋನ (ಅದೂ ಪ್ಯಾರಾಸಿಟಮಾಲೇ) ಚೀಟಿಲಿ ಬರೆದಿರೋ ಟೈಮ್‌ಗೇ ಕೊಡಿ. ಆದ್ರೆ ಲೆಕ್ಕ ಇಟ್ಕೊಳ್ಳಿ, ಆ ಸೇರಿರೋ ಮಾತ್ರೆ ಒಂದೊಂದ್ರಲ್ಲೂ ಸಾಮಾನ್ಯವಾಗಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತೆ, ಎಲ್ಲಾ ಸೇರಿ ದಿನಕ್ಕೆ 4 ಗ್ರಾಂ ದಾಟಲೇಬಾರದು, ತೂಕ ಕಮ್ಮಿ ಇದ್ರೆ ಅಥವಾ ಲಿವರ್ ತೊಂದರೆ ಇದ್ರೆ ಇನ್ನೂ ಕಮ್ಮಿ. ಮೆಡಿಕಲ್ ಶಾಪಿಂದ ಬ್ರೂಫೆನ್, ಡೈಕ್ಲೋಫೆನಾಕ್ ಥರದ ಬೇರೆ ನೋವಿನ ಮಾತ್ರೆ ನೀವೇ ತಂದು ಕೊಡ್ಬೇಡಿ, ಕಿಡ್ನಿ ಬಿಪಿ ನೋಡದೆ ಕೊಡೋ ಮಾತ್ರೆಗಳಲ್ಲ ಅವು.

ಬೆಳಿಗ್ಗೆ ಬರೀ ಕಾಫಿ ಕುಡಿದು ನೋವಿನ ಮಾತ್ರೆ ನುಂಗೋದು ಬೇಡ. ಗ್ಯಾಸ್ ಮಾತ್ರೆ ಮೊದ್ಲು, ಅರ್ಧ ಗಂಟೆ ಬಿಟ್ಟು ಎರಡು ಇಡ್ಲಿನೋ ಸ್ವಲ್ಪ ಗಂಜಿನೋ, ಆಮೇಲೆ ನೋವಿನದು. ಮಾತ್ರೆ ನುಂಗಿ ತಕ್ಷಣ ಓಡಾಡಿದ್ರೆ ತಲೆ ಸುತ್ತುತ್ತೆ, ಸ್ವಲ್ಪ ಹೊತ್ತು ಮಲಗಿರ್ಲಿ. ವಾಂತಿ ಬಂದ್ರೆ ಸೊಂಟ ಬಗ್ಗಿಸಿ ತಟ್ ಅಂತ ಏಳೋದು ಬೇಡ, ಭುಜ ಸೊಂಟ ಒಟ್ಟಿಗೇ ತಿರುಗಿಸಿ ಮಗ್ಗುಲಾಗ್ಲಿ, ನೀವು ಪಕ್ಕದಲ್ಲಿ ಬೇಸಿನ್ ಹಿಡೀರಿ.

ಮೋಷನ್ ಆಗ್ತಿದೆಯಾ ಕೇಳಿ, ಅಮ್ಮಂದಿರು ಇದನ್ನ ಬಾಯ್ಬಿಟ್ಟು ಹೇಳಲ್ಲ. ಟ್ರಮಡಾಲ್, ಒಂಡನ್ಸೆಟ್ರಾನ್ ಎರಡೂ ಮಲಬದ್ಧತೆ ಮಾಡುತ್ತೆ, ಅದರಿಂದಾನೂ ವಾಕರಿಕೆ ಬರುತ್ತೆ, ಮುಕ್ಕಿದ್ರೆ ಬೆನ್ನೂ ನೋಯುತ್ತೆ. ನೀರು, ಹಣ್ಣು ಜಾಸ್ತಿ ಕೊಡಿ, ಸರ್ಜನ್ ಹತ್ರ ಮೋಷನ್ ಸಲೀಸು ಮಾಡೋ ಲ್ಯಾಕ್ಟುಲೋಸ್ ಸಿರಪ್ ಕೇಳಿ.

ಮೂತ್ರ ಕಟ್ಟಿದ್ರೆ ಅಥವಾ ಗೊತ್ತಾಗದಂಗೆ ಸೋರಿದ್ರೆ, ತೊಡೆ ಸಂದಿ ಮರಗಟ್ಟಿದ್ರೆ, ಕಾಲಲ್ಲಿ ಬಲ ಇಲ್ಲದಂಗಾದ್ರೆ, ಜ್ವರ ಬಂದ್ರೆ, ಹೊಲಿಗೆಯಿಂದ ನೀರು ಕೀವು ಸೋರಿದ್ರೆ, ಕೂತ ಕೂಡ್ಲೇ ಜೋರು ತಲೆನೋವು ಬಂದು ಮಲಗಿದ್ರೆ ಕಮ್ಮಿ ಆಗ್ತಿದ್ರೆ, ನೀರೂ ದಕ್ಕದಷ್ಟು ವಾಂತಿ ಆದ್ರೆ, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯ್ಬೇಡಿ, ಆ ರಾತ್ರಿನೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.