ಕರೆದರೆ ಹೋಗಿ, ಹಸಿದು ಹೋಗಿ

ನಿಮ್ಮ ಪ್ರಶ್ನೆ ಓದಿದೆ. ವಿರಾಜಪೇಟೆಯವರು, ಅಕ್ಟೋಬರ್ ಕೊನೆಗೆ ಫಿಲಿಪ್ಪೀನ್ಸ್‌ನ ಸೆಬು ನಗರದ ಐಟಿ ಪಾರ್ಕಿನ ಆಫೀಸಿಗೆ ಸೇರುತ್ತೀರಿ, ಜೊತೆಗೆ ಹೆಂಡತಿಯೂ ಬರುತ್ತಾರೆ, ಅವರು ಮೈಸೂರಿನ ಸಸ್ಯಾಹಾರಿ ಮನೆಯವರು. ಮೇಜಿನ ನಡುವೆ ಲೆಚೋನ್, ಅಂದರೆ ಕೆಂಡದಲ್ಲಿ ಸುಟ್ಟ ಇಡೀ ಹಂದಿ, ಮಲಗಿಸಿದ ಪಾರ್ಟಿಯ ಫೋಟೊವನ್ನು ಹೊಸ ಆಫೀಸಿನವರು ಕಳಿಸಿದ್ದಾರೆ. ಇದನ್ನು ಹೇಗೆ ತಿನ್ನುವುದು, ಎಲ್ಲಿ ತಿನ್ನುವುದು, ಇಂಥ ಊಟಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋಗಬಹುದೇ ಎಂದು ಕೇಳಿದ್ದೀರಿ. ಮನೆ ಬಾಡಿಗೆ, ವೀಸಾ, ಬ್ಯಾಂಕ್ ಖಾತೆಯ ವಿಷಯ ನಿಮ್ಮ ಎಚ್‌ಆರ್‌ನವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಊಟದ್ದನ್ನು ನಾನು ಹೇಳುತ್ತೇನೆ. ಇಲ್ಲಿ ಜನ ನಿಮ್ಮನ್ನು ತಮ್ಮವರೆಂದು ಹಚ್ಚಿಕೊಳ್ಳುವುದು ಊಟದ ಮೇಜಿನಲ್ಲೇ, ಹಾಗಾಗಿ ಇದು ಸಣ್ಣ ವಿಷಯವೇನೂ ಅಲ್ಲ.

ನಾನು ಮಂಗಳೂರು ಕಡೆಯ ಕ್ರಿಶ್ಚಿಯನ್ ಮನೆಯವಳು. ಹಂದಿ ಮಾಂಸ ನನಗೂ ಹೊಸದಲ್ಲ, ನಿಮಗೂ ಹೊಸದಲ್ಲ. ನಿಮ್ಮಲ್ಲಿ ಕಾಚಂಪುಳಿ ಹಾಕಿದ ಪಂದಿ ಕರಿ, ನಮ್ಮಲ್ಲಿ ಇಡ್ಲಿಯಂಥ ಸಾನ್ನಾ ಜೊತೆಗೆ ದುಕ್ರಾ ಮಾಸ್. ಆದರೆ ನಾವಿಬ್ಬರೂ ಬಲ್ಲದ್ದು ತುಂಡು ಮಾಡಿ, ಮಸಾಲೆ ಅರೆದು, ಹುಳಿ-ಖಾರದಲ್ಲಿ ಬೇಯಿಸಿದ್ದನ್ನು. ಲೆಚೋನ್‌ನಲ್ಲಿ ಮಾಂಸವನ್ನು ಮುಚ್ಚುವ ಮಸಾಲೆಯೇ ಇಲ್ಲ. ಉಪ್ಪು, ಹೊಟ್ಟೆಯೊಳಗಿನ ಸೊಪ್ಪು, ಕೆಂಡ, ಗಂಟೆಗಟ್ಟಲೆ ತಿರುಗಿಸುವ ಕೈ, ಇಷ್ಟರಲ್ಲೇ ಎಲ್ಲ ಆಗಬೇಕು. ಮೊದಲ ತುತ್ತಿನಲ್ಲಿ ಖಾರ ಹುಡುಕಬೇಡಿ ಮಾರಾಯ್ರೆ. ಸ್ವಲ್ಪ ನಿಧಾನಕ್ಕೆ ಅಗಿಯಿರಿ, ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಪರಿಮಳ ಆಮೇಲೆ ಬರುತ್ತದೆ.

ದೇಶದ ತುಂಬ ಲೆಚೋನ್ ಒಂದೇ ಥರ ಇಲ್ಲ. ಮನಿಲಾ ಕಡೆ ಒಳಗೆ ಹೆಚ್ಚೇನೂ ತುಂಬದೆ ಸುಡುತ್ತಾರೆ, ಲಿವರ್ ಹಾಕಿ ಮಾಡಿದ ಸಿಹಿ-ಹುಳಿಯ ಗಟ್ಟಿ ಸಾಸ್ ಜೊತೆ ತಿನ್ನುತ್ತಾರೆ. ಮನಿಲಾದ ಪಕ್ಕದ ಕೆಜೋನ್ ಸಿಟಿಯ ಲಾ ಲೋಮಾದಲ್ಲಿ ರಸ್ತೆಯ ಬದಿಗೆ ಸಾಲು ಸಾಲು ಲೆಚೋನ್ ಅಂಗಡಿಗಳೇ ಇವೆ. ಸೆಬುವಿನಲ್ಲಿ ರುಚಿಯೆಲ್ಲ ಹೊಟ್ಟೆಯೊಳಗಿಂದ ಬರುವುದರಿಂದ ಸಾಸ್ ಬೇಡ. ಬೇಕಾದರೆ ತೆಂಗಿನ ಕಳ್ಳು ಹುಳಿಬಂದು ಆದ ವಿನೆಗರಿಗೆ ಸೂಜಿಮೆಣಸಿನಂಥ ಸಣ್ಣ ಮೆಣಸು ನುರಿದು ಅದ್ದಿಕೊಳ್ಳುತ್ತಾರೆ. ಸೆಬುವಿನವರ ಮುಂದೆ ಲಿವರ್ ಸಾಸ್ ಕೇಳಿದರೆ ಅವರಿಗೆ ನಿಜವಾಗಿಯೂ ಬೇಸರವಾಗುತ್ತದೆ. ನಾನು ಸೆಬುವಿನವರ ಪಕ್ಷ. ಒಳ್ಳೆಯ ಲೆಚೋನ್ ಮೇಲೆ ಸಾಸ್ ಸುರಿಯುವುದು ನನಗೂ ಕಂಡರಾಗದು.

ಬಂದ ಮೇಲೆ ಒಂದು ಬೆಳಿಗ್ಗೆ ತಾಲಿಸಾಯ್‌ಗೆ ಹೋಗಿ. ನಗರದ ದಕ್ಷಿಣಕ್ಕೆ ಅಂಟಿಕೊಂಡೇ ಇರುವ ಊರು, ಲೆಚೋನ್ ಸುಡುವುದು ಅಲ್ಲಿನ ಎಷ್ಟೋ ಮನೆಗಳ ಕಸುಬು. ನಸುಕಿನಲ್ಲೇ ಕೆಲಸ ಶುರುವಾಗಿರುತ್ತದೆ. ಕೂದಲು ಹೆರೆದು ತೊಳೆದ ಹಂದಿಯ ಹೊಟ್ಟೆಗೆ ಉಪ್ಪು ತಿಕ್ಕಿ, ಜಜ್ಜಿ ಕಟ್ಟು ಕಟ್ಟಿದ ಮಜ್ಜಿಗೆ ಹುಲ್ಲು, ಹಿಡಿ ಹಿಡಿ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಕಾಳುಮೆಣಸು, ಕೆಲವರಾದರೆ ಚಕ್ರಮೊಗ್ಗು ತುಂಬಿ ದಾರದಲ್ಲಿ ಹೊಲಿಯುತ್ತಾರೆ. ಬಾಯಿಂದ ಹಿಂದಿನವರೆಗೆ ಒಂದು ಬಿದಿರಿನ ಗಳ. ಇದ್ದಿಲನ್ನು ನೇರ ಕೆಳಗೆ ಸುರಿಯುವುದಿಲ್ಲ, ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದರೆ ಉರಿ ಎದ್ದು ಚರ್ಮ ಕರಟಿ ಹೋಗುತ್ತದೆ. ಎರಡೂ ಬದಿಗೆ ಸಾಲಾಗಿ ಹಾಕಿ, ಭುಜ ಮತ್ತು ತೊಡೆಯ ಹತ್ತಿರ ಹೆಚ್ಚು ಪೇರಿಸುತ್ತಾರೆ, ಮಾಂಸ ದಪ್ಪ ಇರುವುದು ಅಲ್ಲೇ. ನಡುಭಾಗಕ್ಕೆ ಕಡಿಮೆ ಕೆಂಡ ಸಾಕು. ಗಳ ತಿರುಗಿಸುವವನು ಎರಡು-ಮೂರು ಗಂಟೆ ಕೈ ಬಿಡುವಂತಿಲ್ಲ, ದೊಡ್ಡ ಹಂದಿಯಾದರೆ ಇನ್ನೂ ಹೆಚ್ಚು. ಅವನ ಕಣ್ಣು ಚರ್ಮದ ಮೇಲೇ ಇರುತ್ತದೆ. ಎಲ್ಲಾದರೂ ಗುಳ್ಳೆ ಎದ್ದರೆ ಆ ಕಡೆಯ ಕೆಂಡವನ್ನು ಕೋಲಿನಿಂದ ಈಚೆಗೆ ಎಳೆಯುತ್ತಾನೆ, ಬಿಳುಪು ಉಳಿದಿದ್ದರೆ ಅಲ್ಲಿಗೆ ದೂಡುತ್ತಾನೆ. ಆ ಶಾಖದ ಮುಂದೆ ಐದು ನಿಮಿಷ ನಿಂತು ನೋಡಿ, ಆಮೇಲೆ ತಟ್ಟೆಯಲ್ಲಿ ಒಂದು ಚೂರೂ ಬಿಡಲು ನಿಮಗೆ ಮನಸ್ಸು ಬರುವುದಿಲ್ಲ.

ಇನ್ನು ಚರ್ಮದ ವಿಷಯ. ಲೆಚೋನ್ ಮೇಜಿಗೆ ಬಂದ ಕೂಡಲೇ ಎಲ್ಲರ ಕೈ ಹೋಗುವುದು ಅಲ್ಲಿಗೆ. ಸರಿಯಾಗಿ ಬೆಂದಿದ್ದರೆ ಬೆರಳಲ್ಲಿ ತಟ್ಟಿದಾಗ ಟಕಟಕ ಸದ್ದು ಬರುತ್ತದೆ, ಮುರಿದರೆ ಚಟ್ ಎಂದು ಒಡೆಯುತ್ತದೆ, ಅದರ ಕೆಳಗೆ ಕೊಬ್ಬು ತೆಳ್ಳಗೆ ಕರಗಿರುತ್ತದೆ. ಕೆಂಡದಿಂದ ಇಳಿದ ಒಂದೆರಡು ಗಂಟೆಯೊಳಗೇ ಅದರ ಗತ್ತು. ಆಮೇಲೆ ಗಾಳಿಯ ತೇವಕ್ಕೆ ಮೆತ್ತಗಾಗಿ ಜಗ್ಗುತ್ತದೆ. ಅದಕ್ಕೇ ಹೇಳುವುದು, ಊಟಕ್ಕೆ ಹನ್ನೆರಡಕ್ಕೆ ಕರೆದರೆ ಹನ್ನೆರಡಕ್ಕೇ ಹೋಗಿ. ಬೇರೆಲ್ಲ ಕಡೆ ಇಲ್ಲಿ ತಡ ನಡೆಯುತ್ತದೆ, ಲೆಚೋನ್‌ಗೆ ಮಾತ್ರ ನಡೆಯುವುದಿಲ್ಲ. ಹೊಸಬರೆಂದು ನಿಮಗೆ ಮೊದಲು ಚರ್ಮ ಮುರಿದು ಕೊಡುತ್ತಾರೆ. ಸಂಕೋಚದಿಂದ "ನೀವು ತಗೊಳ್ಳಿ" ಎನ್ನಬೇಡಿ, ಅತಿಥಿಗೆ ಕೊಡುವ ಮರ್ಯಾದೆ ಅದು. ತೆಗೆದುಕೊಂಡು ತಿಂದು, ರುಚಿಯಾಗಿದ್ದರೆ "ಲಾಮಿ ಕಾಯೊ" ಅನ್ನಿ, ಇಲ್ಲಿನ ಭಾಷೆಯಲ್ಲಿ ತುಂಬ ರುಚಿ ಎಂದರ್ಥ, ಮನೆಯವರ ಮುಖ ಅರಳುತ್ತದೆ. ಎರಡನೆಯದಾಗಿ ಪಕ್ಕೆಲುಬಿನ ಭಾಗ ಕೇಳಿ. ಹೊಟ್ಟೆಯ ಸೊಪ್ಪಿಗೆ ತಾಗಿಕೊಂಡೇ ಬೆಂದಿರುವುದರಿಂದ ಉಪ್ಪು, ಪರಿಮಳ ಎಲ್ಲ ಅಲ್ಲಿ ಇಳಿದಿರುತ್ತದೆ. ತೊಡೆಯ ಮಾಂಸ ಸ್ವಲ್ಪ ಒಣ, ಅದನ್ನು ವಿನೆಗರ್ ಜೊತೆ ತಿನ್ನಿ.

ಮೊದಲ ಸಲಕ್ಕೆ ರೆಸ್ಟೋರೆಂಟೇ ಸುಲಭ. ನಗರದೊಳಗೆ ಹೌಸ್ ಆಫ್ ಲೆಚೋನ್, ರಿಕೋಸ್ ಎರಡೂ ಹೆಸರಾದವು, ಖಾರ ಬೇಕೆನ್ನುವವರಿಗೆ ಖಾರದ ಲೆಚೋನ್ ಕೂಡ ಸಿಗುತ್ತದೆ. ಇಬ್ಬರಿಗೆ ಕಾಲು ಕಿಲೋ ಸಾಕು, ನೀವೊಬ್ಬರೇ ತಿನ್ನುವುದಾದರೆ ಹೆಚ್ಚೇ. ಆದರೆ ನನ್ನ ಮನಸ್ಸಿಗೆ ಹತ್ತಿರದ್ದು ಕಾರ್ಕಾರ್ ಮಾರುಕಟ್ಟೆ. ಸೆಬು ನಗರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್, ಸೌತ್ ಬಸ್ ಟರ್ಮಿನಲ್‌ನಿಂದ ಬಸ್ಸು ಸಿಗುತ್ತದೆ. ಅಲ್ಲಿ ಲೆಚೋನ್ ಅಂಗಡಿಗಳು ಒಂದರ ಪಕ್ಕ ಒಂದು. ಮಾರುವವರು ಕರೆದು ಕರೆದು ಒಂದು ಚೂರು ರುಚಿಗೆ ಕೊಡುತ್ತಾರೆ. ತಿಂದು ನೋಡಿಯೇ ಕೊಳ್ಳಿ, ಯಾರೂ ತಪ್ಪು ತಿಳಿಯುವುದಿಲ್ಲ. ದಪ್ಪ ಮರದ ಕೊರಡಿನ ಮೇಲೆ ಮಚ್ಚಿನಲ್ಲಿ ಕಟಕಟ ಕಡಿದು ಕಿಲೋ ಲೆಕ್ಕದಲ್ಲಿ ಕಟ್ಟುತ್ತಾರೆ. ಜೊತೆಗೆ "ಪುಸೊ" ತೆಗೆದುಕೊಳ್ಳಿ, ಎಳೆ ತೆಂಗಿನ ಗರಿಯಲ್ಲಿ ಹೆಣೆದ ಗೂಡಿನೊಳಗೆ ಬೇಯಿಸಿದ ಅನ್ನ. ಅಂಗಡಿಯ ಮುಂದೆ ಗೊಂಚಲು ಗೊಂಚಲು ನೇತಾಡುವುದನ್ನು ಕಂಡಾಗ ನನಗೆ ನಮ್ಮ ಕರಾವಳಿಯ ಮೂಡೆಯೇ ನೆನಪಾಗುತ್ತದೆ, ಎಲೆ ಬಿಡಿಸಿ ಬಿಸಿ ಬಿಸಿ ಹೊರತೆಗೆಯುವ ಖುಷಿ ಎರಡರಲ್ಲೂ ಒಂದೇ. ಅಲ್ಲೇ ಬೆಂಚಿನ ಮೇಲೆ ಕೂತು ತಿನ್ನಿ.

ದರ ಜಾಗದ ಮೇಲೆ ಹೋಗುತ್ತದೆ. ಕಿಲೋಗೆ 700ರಿಂದ 1,000 ಪೆಸೊ ಆಸುಪಾಸು ಲೆಕ್ಕ ಇಟ್ಟುಕೊಳ್ಳಿ, ಇಡೀ ಹಂದಿಗೆ 10,000 ಪೆಸೊ ಆಸುಪಾಸು, ದೊಡ್ಡದಾದರೆ ಇನ್ನೂ ಮೇಲೆ. ಮೊದಲು ಇಷ್ಟು ಇರಲಿಲ್ಲ. ಆಫ್ರಿಕನ್ ಹಂದಿಜ್ವರ 2019ರಲ್ಲಿ ಮನಿಲಾ ಇರುವ ಲುಝೋನ್ ದ್ವೀಪಕ್ಕೆ ಬಂತು, 2023ರಲ್ಲಿ ಸೆಬುವಿಗೂ ಮುಟ್ಟಿತು. ಮನುಷ್ಯರಿಗೆ ಅಂಟುವ ರೋಗ ಅಲ್ಲ, ಹಾಗಾಗಿ ತಿನ್ನಲು ಹೆದರಬೇಕಿಲ್ಲ. ಹಿತ್ತಲಲ್ಲಿ ಒಂದೆರಡು ಹಂದಿ ಸಾಕಿ ಮಗುವಿನ ಶಾಲೆಯ ಫೀಸು ಕಟ್ಟುತ್ತಿದ್ದ ಮನೆಗಳಿಗೆ ಮಾತ್ರ ಅದು ದೊಡ್ಡ ಹೊಡೆತ.

ಈ ಬೆಲೆ ಗೊತ್ತಿದ್ದರೆ ಫಿಯೆಸ್ತಾ ಮನೆಗೆ ಹೋದಾಗ ನಿಮಗೆ ಬೇರೆಯೇ ಅರ್ಥವಾಗುತ್ತದೆ. ಇಲ್ಲಿ ಪ್ರತಿ ಬರಾಂಗೈಗೂ, ಅಂದರೆ ನಮ್ಮ ವಾರ್ಡಿಗೆ, ತನ್ನದೇ ಪಾಲಕ ಸಂತರ ಹಬ್ಬ ಉಂಟು. ಅವತ್ತು ಮನೆ ಬಾಗಿಲು ತೆರೆದೇ ಇರುತ್ತದೆ. ಗೆಳೆಯರು, ಗೆಳೆಯರ ಗೆಳೆಯರು, ಆಫೀಸಿನವರು, ಬಂದು ಉಂಡು ಹೋಗುತ್ತಲೇ ಇರುತ್ತಾರೆ. ತಿಂಗಳ ಸಂಬಳ ಅಷ್ಟಕ್ಕಷ್ಟೇ ಇರುವವರೂ ಉಳಿತಾಯ ಮುರಿದು, ಕೆಲವೊಮ್ಮೆ ಸಾಲ ಮಾಡಿ ಮೇಜಿನ ಮೇಲೆ ಲೆಚೋನ್ ಇಡುತ್ತಾರೆ. ಸಾಲ ಮಾಡುವುದು ಸರಿಯೇ ಎಂದು ನಾನೂ ಗೆಳತಿಯರ ಜೊತೆ ವಾದ ಮಾಡಿದ್ದುಂಟು. ಆದರೆ ಇಟ್ಟ ಮೇಲೆ ಅತಿಥಿಯ ಕೆಲಸ ಒಂದೇ, ಹೊಟ್ಟೆ ತುಂಬ ಉಣ್ಣುವುದು. ಕೈಯಲ್ಲಿ ಹಣ್ಣೋ ಕೇಕೋ ಹಿಡಿದು ಹೋಗಿ. ದಿನನಿತ್ಯ ಆಫೀಸಿನಲ್ಲಿ ಡಬ್ಬಿ ಬಿಚ್ಚಿದವರೆಲ್ಲ "ಬನ್ನಿ, ಊಟ ಮಾಡೋಣ" ಎಂದು ಕರೆಯುವುದು ರೂಢಿ, ಅದಕ್ಕೆ ನಗುತ್ತಾ "ಥ್ಯಾಂಕ್ಸ್, ಆಯ್ತು" ಎಂದರೆ ಸಾಕು. ಫಿಯೆಸ್ತಾದ ಕರೆ ಹಾಗಲ್ಲ. ಹತ್ತು ನಿಮಿಷಕ್ಕಾದರೂ ಹೋಗಿ ಒಂದು ತಟ್ಟೆ ಉಂಡು ಬನ್ನಿ. ಒಂದೇ ದಿನ ಮೂರು ಮನೆಯಿಂದ ಕರೆ ಬರಬಹುದು, ಅದಕ್ಕೇ ಮೊದಲ ಮನೆಯಲ್ಲಿ ಅನ್ನ ಕಡಿಮೆ ಬಡಿಸಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡದು ಜನವರಿ ಮೂರನೆಯ ಭಾನುವಾರದ ಸಿನುಲೋಗ್, ಬಾಲ ಯೇಸು ಸಾಂತೊ ನಿನ್ಯೊ ಹೆಸರಿನ ಹಬ್ಬ. 1521ರಲ್ಲಿ ನಾವಿಕ ಮೆಗೆಲಾನ್ ಇಲ್ಲಿಗೆ ಬಂದಾಗ ಸ್ಥಳೀಯ ರಾಜ ಹುಮಾಬೊನ್‌ನ ರಾಣಿಗೆ ಕಾಣಿಕೆಯಾಗಿ ಸಂದ ಮೂರ್ತಿ ಅದು, ಈಗಲೂ ನಗರದ ಬಸಿಲಿಕಾದಲ್ಲಿದೆ. ಆ ದಿನ ಲಕ್ಷಾಂತರ ಜನ, ಡೋಲು, ಕುಣಿತ, "ಪಿಟ್ ಸೆನ್ಯೋರ್" ಕೂಗು. ಮೆರವಣಿಗೆಯ ರಸ್ತೆಗಳೆಲ್ಲ ವಾಹನಗಳಿಗೆ ಬಂದ್. ರೆಸ್ಟೋರೆಂಟಿನಲ್ಲಿ ಸುಮ್ಮನೆ ಹೋಗಿ ಜಾಗ ಸಿಗುವ ಮಾತೇ ಇಲ್ಲ. ಲೆಚೋನ್ ಬೇಕಿದ್ದರೆ ವಾರಗಟ್ಟಲೆ ಮೊದಲೇ ಹೇಳಿಟ್ಟು, ರಸ್ತೆ ಮುಚ್ಚುವ ಮೊದಲು ತರಿಸಿಕೊಳ್ಳಬೇಕು. ಇಡೀ ಹಂದಿ ಹೆಚ್ಚಾದರೆ "ಲೆಚೋನ್ ಬೆಲ್ಲಿ" ಹೇಳಿ. ಎಲುಬು ತೆಗೆದ ಹೊಟ್ಟೆಯ ಭಾಗವನ್ನು ಅದೇ ಸೊಪ್ಪಿನ ಜೊತೆ ಸುರುಳಿ ಸುತ್ತಿ ಸುಡುವುದು, ಎಂಟು-ಹತ್ತು ಜನರಿಗೆ ಧಾರಾಳ.

ನೀವು ಬರುವ ಹೊತ್ತಿಗೆ ಕ್ರಿಸ್ಮಸ್ ಹಾಡುಗಳು ಶುರುವಾಗಿ ಎರಡು ತಿಂಗಳಾಗಿರುತ್ತದೆ, ಇಲ್ಲಿ ಕ್ರಿಸ್ಮಸ್ ಸೆಪ್ಟೆಂಬರಿನಲ್ಲೇ ಆರಂಭ. ಡಿಸೆಂಬರ್ ಪೂರ್ತಿ ಆಫೀಸಿನವರು, ಟೀಮಿನವರು, ಅಪಾರ್ಟ್‌ಮೆಂಟಿನವರು ಎಂದು ಪಾರ್ಟಿಗಳು. ಕೆಲವರು "ಬೂಡಲ್ ಫೈಟ್" ಇಡುತ್ತಾರೆ. ಉದ್ದ ಮೇಜಿನ ಮೇಲೆ ಬಾಳೆಲೆ ಹಾಸಿ, ನಡುವೆ ಉದ್ದಕ್ಕೂ ಅನ್ನ, ಅದರ ಮೇಲೆ ಸುಟ್ಟ ಮೀನು, ಸೀಗಡಿ, ಲೆಚೋನ್, ಮಾವಿನಹಣ್ಣು. ಎಲ್ಲರೂ ಎರಡು ಕಡೆ ನಿಂತು ಕೈಯಲ್ಲೇ ಉಣ್ಣುತ್ತಾರೆ, ನಿಮ್ಮ ಎದುರಿಗೆ ಇದ್ದದ್ದು ನಿಮ್ಮ ಪಾಲು. ಕೆಲವು ಕಡೆ ಪ್ಲಾಸ್ಟಿಕ್ ಗ್ಲೌಸ್ ಕೊಡುತ್ತಾರೆ, ನೀವು ಬರಿಗೈಯಲ್ಲಿ ಕಲಸಿ ಉಣ್ಣಿ, ಅವರಿಗೆ ಖುಷಿಯಾಗುತ್ತದೆ. ಇನ್ನೊಂದು ಮಾತು ಮೊದಲೇ ತಿಳಿದಿರಲಿ: ಹುಟ್ಟುಹಬ್ಬ ಯಾರದೋ ಊಟದ ಖರ್ಚು ಅವರದೇ. ನಿಮ್ಮ ಹುಟ್ಟುಹಬ್ಬಕ್ಕೂ ಟೀಮಿನವರು ನಿಮ್ಮ ಕಡೆ ನೋಡುತ್ತಾರೆ, ಅದಕ್ಕೆ ಕೈಯಲ್ಲಿ ಸ್ವಲ್ಪ ಇಟ್ಟುಕೊಳ್ಳಿ. ಆಯುಷ್ಯ ಉದ್ದವಾಗಲಿ ಎಂದು ಪಾನ್ಸಿತ್ ನೂಡಲ್ಸ್ ಕಡ್ಡಾಯವಾಗಿ ಹೇಳಿಸುತ್ತಾರೆ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದೆಯೇ ನೋಡಿ, ಸೇರಿದ್ದರೆ ಟಿಪ್ಸ್ ಬೇರೆ ಕೊಡಲೇಬೇಕೆಂದಿಲ್ಲ.

ನಿಮ್ಮ ಹೆಂಡತಿಯ ವಿಷಯ ಕೊನೆಗೆ ಉಳಿಸಿಕೊಂಡದ್ದು ಬೇಕೆಂದೇ. ಅವರಿಗೆ ಇಲ್ಲಿ ಹೊರಗಿನ ಊಟ ಕಷ್ಟ, ಇದನ್ನು ಮುಚ್ಚಿಡುವುದಿಲ್ಲ. ತರಕಾರಿ ಪಲ್ಯ ಎಂದು ಬಂದದ್ದರಲ್ಲೂ ಹಂದಿಯ ಚೂರೋ, ಒಣ ಸೀಗಡಿಯೋ, ಮೀನಿನ ಸಾಸೋ ಇರುತ್ತದೆ. ಹೆಸರುಕಾಳಿನ ಸಾರು ನೋಡಲು ಮನೆಯದ್ದೇ ಅನ್ನಿಸುತ್ತದೆ, ಅದರಲ್ಲೂ ಒಣಮೀನು ಹಾಕಿರುತ್ತಾರೆ. "ವೆಜಿಟೇರಿಯನ್" ಎಂದರೆ ಸಾಲದು, "ವಲೈ ಕಾರ್ನೆ, ವಲೈ ಇಸ್ದಾ", ಮಾಂಸ ಬೇಡ, ಮೀನು ಬೇಡ ಎಂದು ಬಿಡಿಸಿ ಹೇಳಿ, ಸಾಸ್ ಬಗ್ಗೆಯೂ ಕೇಳಿ. ಪಾರ್ಟಿಗೆ ಕರೆದವರಿಗೆ ಎರಡು ದಿನ ಮೊದಲೇ ತಿಳಿಸಿ. ಇಲ್ಲಿನವರು ಊಟ ಮಾಡದೆ ಒಬ್ಬರು ಕೂತಿರುವುದನ್ನು ನೋಡಲಾರರು, ಅವರಿಗಾಗಿ ಬೇರೆಯೇ ಏನಾದರೂ ಮಾಡಿಡುತ್ತಾರೆ. ಅವರಿಗೆ ಧೈರ್ಯವಾಗಿ ತಿನ್ನಲು ಇರುವುದು ಸಿಹಿತಿಂಡಿಗಳು: ತೆಂಗಿನ ಹಾಲಿನಲ್ಲಿ ಬೇಯಿಸಿದ ಅಂಟಕ್ಕಿಯ ಪುತೊ ಮಾಯಾ, ಅದರ ಜೊತೆ ಬಿಸಿ ಕೊಕೊದ ಸಿಕ್ವಾತೆ ಮತ್ತು ಮಾವಿನಹಣ್ಣು, ಬಾಳೆಹಣ್ಣು-ಹಲಸಿನ ತೊಳೆ ಸುತ್ತಿ ಕರಿದ ತುರೋನ್, ಕಟ್ಮೋನ್ ಊರಿನ ಕಡೆಯ, ಸಿರಿಧಾನ್ಯದಲ್ಲಿ ಮಾಡಿ ಎಲೆಯಲ್ಲಿ ಸುತ್ತಿದ ಬುದ್‌ಬುದ್ ಕಾಬೊಗ್. ಬೇಳೆ, ಸಾಂಬಾರ್ ಪುಡಿ, ಹುಣಸೆ ಊರಿಂದಲೇ ತನ್ನಿ. ಮನಿಲಾಕ್ಕೆ ಹೋದಾಗ ಪಾಕೊ, ಯುಎನ್ ಅವೆನ್ಯೂ ಸುತ್ತ ಇಂಡಿಯನ್ ಅಂಗಡಿಗಳಿವೆ.

ಇಡೀ ಹಂದಿ, ತಲೆ ಸಮೇತ, ಬಾಯಿ ತೆರೆದು ಮಲಗಿರುವುದನ್ನು ನೋಡುವುದು ಅವರಿಗೆ ಹಿಂಸೆ ಅನ್ನಿಸಿದರೆ ಒತ್ತಾಯ ಮಾಡಬೇಡಿ. ದೊಡ್ಡ ಪಾರ್ಟಿಗಳಲ್ಲಿ ಲೆಚೋನ್ ಕಡಿಯುವ ಮೇಜು ಒಂದು ಮೂಲೆಯಲ್ಲಿರುತ್ತದೆ, ದೂರ ಕೂರಬಹುದು. ಚಿಕ್ಕ ಮನೆಯ ಫಿಯೆಸ್ತಾಗೆ ಮೊದಲು ನೀವೊಬ್ಬರೇ ಹೋಗಿ ಬನ್ನಿ. "ಅವರು ಯಾಕೆ ಬರಲಿಲ್ಲ" ಎಂದು ಕೇಳಿಯೇ ಕೇಳುತ್ತಾರೆ. ನೆಪ ಹೇಳದೆ ನಿಜವನ್ನೇ ಹೇಳಿ. ಹೊರಡುವಾಗ ನಿಮ್ಮ ಕೈಗೆ ಒಂದು ಪೊಟ್ಟಣ ಬರುತ್ತದೆ, ಅದರಲ್ಲಿ ಅವರಿಗೆಂದು ಹಣ್ಣು, ಬುದ್‌ಬುದ್ ಇರುತ್ತದೆ. ನಿಮ್ಮ ಪಾಲಿನ ಲೆಚೋನ್ ಬೇರೆ ಪೊಟ್ಟಣದಲ್ಲಿ ಕಟ್ಟಿಸಿಕೊಳ್ಳಿ. ಮರುದಿನ ಅದನ್ನು ವಿನೆಗರ್, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಕುದಿಸಿದರೆ ಪಾಕ್ಸಿವ್ ಆಗುತ್ತದೆ. ಬೇರೆ ಪಾತ್ರೆ, ಬೇರೆ ಸೌಟು ಇಟ್ಟುಕೊಂಡು ನೀವೇ ಮಾಡಿ, ಕಿಟಕಿ ತೆರೆದಿಡಿ.